ಮನಸ್ಸು ಬರಲಿ ಎಂದು ಕಾಯಬೇಡಿ

"ಯಾತಕ್ಕೂ ಮನಸ್ಸೇ ಬರ್ತಿಲ್ಲ." ಮಂಕು ಕವಿದವರ ಬಾಯಲ್ಲಿ "ದುಃಖವಾಗಿದೆ" ಅನ್ನುವುದಕ್ಕಿಂತ ಮೊದಲು ಬರುವ ಮಾತು ಇದು. ಕನ್ನಡದಲ್ಲಿ ಮನಸ್ಸು ಅಂದರೆ ಒಳಗಿನ ಭಾವವೂ ಹೌದು, ಮಾಡಬೇಕೆಂಬ ಇಚ್ಛೆಯೂ ಹೌದು. ಎರಡನ್ನೂ ಒಂದೇ ಪದ ಹೊತ್ತಿರುವುದು ಎಷ್ಟು ಸರಿ ಅಂತ ನನಗೆ ಮತ್ತೆ ಮತ್ತೆ ಅನಿಸುತ್ತದೆ. ಭಾವ ಕುಗ್ಗಿದಾಗ ಜೊತೆಗೇ ಇಚ್ಛೆಯೂ ಕುಗ್ಗುತ್ತದೆ. ಕಾಲಿಗೆ ನಡೆಯುವ ಬಲ ಇರುತ್ತದೆ, ಕೈಗೆ ಪಾತ್ರೆ ತೊಳೆಯುವ ಬಲ ಇರುತ್ತದೆ, ಮಾಡೋಣ ಅನ್ನುವ ತುಡಿತ ಮಾತ್ರ ಇರುವುದಿಲ್ಲ. ಆಗ ಹೆಚ್ಚಿನವರು ತಮಗೆ ತಾವೇ ಹೇಳಿಕೊಳ್ಳುವುದು: ಮನಸ್ಸು ಸ್ವಲ್ಪ ಸರಿಹೋಗಲಿ, ಆಮೇಲೆ ಮಾಡೋಣ.

ಈ ಕಾಯುವಿಕೆಯೇ ಮಂಕನ್ನು ಉಳಿಸುತ್ತದೆ. ಹೊರಗೆ ಹೋಗುವುದು, ಒಬ್ಬರ ಜೊತೆ ಮಾತಾಡುವುದು, ಹಿಡಿದ ಕೆಲಸ ಮುಗಿಸುವುದು, ಇವೆಲ್ಲ ಮನಸ್ಸಿಗೆ ಸಣ್ಣ ಸಣ್ಣ ಆಹಾರ. ಒಂದೊಂದಾಗಿ ಬಿಡುತ್ತಾ ಹೋದರೆ ಖುಷಿ ಹುಟ್ಟುವ ಜಾಗಗಳೇ ಕಡಿಮೆಯಾಗುತ್ತವೆ, ಮನಸ್ಸು ಇನ್ನಷ್ಟು ಇಳಿಯುತ್ತದೆ, ಇನ್ನಷ್ಟು ಬಿಡುತ್ತೇವೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಖಿನ್ನತೆಯನ್ನು ವಿವರಿಸಿದ್ದು ಈ ಸುತ್ತಿನ ಮೂಲಕವೇ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಯೋಚನೆಯ ರೀತಿಯನ್ನು ತಿದ್ದುವ, ಆಗ ಹೆಸರು ಮಾಡಿದ್ದ ಚಿಂತನಾ ಚಿಕಿತ್ಸೆಯನ್ನು ಒಂದು ಗುಂಪಿಗೆ ಪೂರ್ತಿಯಾಗಿ ಕೊಟ್ಟು, ಇನ್ನೊಂದು ಗುಂಪಿಗೆ ಅದರೊಳಗಿನ ಚಟುವಟಿಕೆಯ ಭಾಗವನ್ನಷ್ಟೇ ಕೊಟ್ಟರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡವು. ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದೇ ದಿಕ್ಕಿನಲ್ಲಿ ಮಾತಾಡಿತು. ಹಾಗಾಗಿ ಈ ಬರಹದ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ತಿರುಗುತ್ತದೆ: ಮನಸ್ಸನ್ನು ಕೇಳದೆ, ಗಡಿಯಾರ ನೋಡಿ ಮಾಡುವುದು.

ಮೊದಲು ಅಳೆಯಿರಿ

ಎರಡು ದಿನದ ಬೇಸರಕ್ಕೂ ಎರಡು ವಾರ ಬಿಡದೆ ಹಿಡಿದ ಮಂಕಿಗೂ ವ್ಯತ್ಯಾಸವಿದೆ. ಅದನ್ನು ತಿಳಿಯಲು ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಯಾರಿಗಾದರೂ ಸಿಗುತ್ತದೆ. ಒಂಬತ್ತು ಪ್ರಶ್ನೆ, ಐದು ನಿಮಿಷದ ಕೆಲಸ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಹಸಿವು, ಆಯಾಸ, ಏಕಾಗ್ರತೆ ಇವೆಲ್ಲ ಹೇಗಿದ್ದವು ಎಂದು ಕೇಳುತ್ತದೆ. ತೊಂದರೆ ಇಲ್ಲವೇ ಇಲ್ಲ ಎಂದಾದರೆ 0, ಕೆಲವು ದಿನ ಇದ್ದರೆ 1, ಅರ್ಧಕ್ಕಿಂತ ಹೆಚ್ಚು ದಿನ ಇದ್ದರೆ 2, ಹೆಚ್ಚುಕಡಿಮೆ ದಿನವೂ ಇದ್ದರೆ 3. ಒಟ್ಟು 27. ಐದರಿಂದ ಒಂಬತ್ತು ಬಂದರೆ ಸೌಮ್ಯ. ಮುಂದೆ ಹೇಳುವುದನ್ನು ಸ್ವಂತವಾಗಿ ಶುರು ಮಾಡಬಹುದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇದನ್ನೆಲ್ಲ ಮಾಡುತ್ತಲೇ ವೈದ್ಯರನ್ನೂ ಕಾಣಬೇಕು. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ಎಷ್ಟಿದೆ ಎಂದು ನೋಡುತ್ತಾ ಕೂರಬೇಡಿ. ನಂಬುವ ಒಬ್ಬರಿಗೆ ಹೇಳಿ, ವೈದ್ಯರ ಬಳಿಗೋ ನಿಮ್ಮಲ್ಲಿನ ಸಹಾಯವಾಣಿಗೋ ಹೋಗಿ. ಯೋಚನೆ ಜೋರಾಗಿದ್ದರೆ ಅಂದೇ, ಆಗಲೇ. ಅಲ್ಲಿಯವರೆಗೆ ಒಬ್ಬರೇ ಇರಬೇಡಿ.

ದೇಹವನ್ನೂ ಒಮ್ಮೆ ನೋಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆ ಇದ್ದಾಗ, ರಕ್ತಹೀನತೆ ಇದ್ದಾಗ, ಬಿ12 ಕೊರತೆಯಲ್ಲಿ ಆಗುವ ಸುಸ್ತು ಮತ್ತು ನಿರಾಸಕ್ತಿ ಥೇಟ್ ಖಿನ್ನತೆಯಂತೆಯೇ ಕಾಣುತ್ತದೆ. ಎಷ್ಟು ನಡೆದರೂ ಬಿಸಿಲಲ್ಲಿ ನಿಂತರೂ ಆ ಕೊರತೆ ತುಂಬುವುದಿಲ್ಲ. ಜೋರಾಗಿ ಗೊರಕೆ ಹೊಡೆದು, ಎಂಟು ಗಂಟೆ ಮಲಗಿಯೂ ದಣಿದೇ ಏಳುವವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಸ್ಟೀರಾಯ್ಡಿನಂಥ ಕೆಲವು ಔಷಧಿಗಳೂ ಮನಸ್ಸನ್ನು ಏರುಪೇರು ಮಾಡುತ್ತವೆ. ಇತ್ತೀಚೆಗೆ ಹೊಸ ಮಾತ್ರೆ ಶುರುವಾಗಿದ್ದರೆ ಅದರ ತಾರೀಕು, ಮಂಕು ಶುರುವಾದ ತಾರೀಕು ಎರಡನ್ನೂ ಬರೆದುಕೊಂಡು ಹೋಗಿ ತೋರಿಸಿ.

ದಿನದ ಹಾಳೆ

ಒಂದು ನೋಟ್‌ಪುಸ್ತಕ ಸಾಕು. ಮೂರು ದಿನ ಏನನ್ನೂ ಬದಲಿಸಬೇಡಿ, ಸುಮ್ಮನೆ ಬರೆಯಿರಿ. ಎಡಗಡೆ ಗಂಟೆ, ನಡುವೆ ಆ ಹೊತ್ತಿನಲ್ಲಿ ಮಾಡಿದ್ದು, ಬಲಗಡೆ ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. "ಹಾಸಿಗೆಯಲ್ಲಿ ಫೋನ್ ನೋಡಿದೆ, 2." "ಸ್ನಾನ, 4." ಅಷ್ಟೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರಾತ್ರಿ ಕುಳಿತು ಇಡೀ ದಿನದ್ದನ್ನು ಒಟ್ಟಿಗೆ ತುಂಬುತ್ತಾರೆ. ಕುಗ್ಗಿದ ಮನಸ್ಸು ನೆನಪನ್ನೂ ತನ್ನ ಬಣ್ಣಕ್ಕೇ ಅದ್ದುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಇದ್ದ 5 ರಾತ್ರಿಯ ನೆನಪಿನಲ್ಲಿ 2 ಆಗಿರುತ್ತದೆ, ಹಾಳೆ ತುಂಬಾ ಎರಡು ಎರಡು ಎಂದೇ ಕಾಣುತ್ತದೆ. ಅದಕ್ಕೇ ಎರಡು ಮೂರು ಗಂಟೆಗೊಮ್ಮೆ ಬರೆಯಬೇಕು. ಮರೆಯುತ್ತದೆ ಅನ್ನುವುದಾದರೆ ಫೋನಿನಲ್ಲಿ ಅಲಾರಂ ಇಡಿ.

ನಾಲ್ಕನೇ ದಿನ ಹಾಳೆ ಓದಿ. ಎಂಟು ಒಂಬತ್ತನ್ನು ಹುಡುಕಬೇಡಿ, ಇರುವುದಿಲ್ಲ. ಎರಡು ಎಲ್ಲಿ ಮೂರಾಯಿತು, ಮೂರು ಎಲ್ಲಿ ನಾಲ್ಕಾಯಿತು ಎಂದು ನೋಡಿ. ಈ ಒಂದಂಕದ ಏರಿಕೆಯಲ್ಲೇ ಇಡೀ ಚಿಕಿತ್ಸೆ ಅಡಗಿದೆ. ಯಾವುದು ಮನಸ್ಸನ್ನು ಇಳಿಸಿತು ಎಂಬುದೂ ಅಲ್ಲೇ ಇರುತ್ತದೆ. ಬಹಳ ಜನರ ಹಾಳೆಯಲ್ಲಿ ಉದ್ದಕ್ಕೆ ಫೋನ್ ಸರಿಸುತ್ತಾ ಕೂತ ಗಂಟೆಗಳು ಅಂಕವನ್ನು ಇದ್ದಲ್ಲೇ ಇಡುತ್ತವೆ, ಇಲ್ಲವೇ ಇಳಿಸುತ್ತವೆ. ಆರಾಮ ಸಿಗುತ್ತದೆಂದು ನಾವು ಹೋಗುವ ಜಾಗವೇ ಅದು. ಯಾರೋ ಹೇಳಿದ್ದಕ್ಕಿಂತ ತಮ್ಮದೇ ಕೈಬರಹದಲ್ಲಿ ನೋಡಿದಾಗ ಇದು ನಾಟುತ್ತದೆ.

ಇನ್ನು ಯೋಜನೆ. ಮರುದಿನಕ್ಕೆ ಎರಡೇ ಎರಡು ಕೆಲಸ ಆರಿಸಿ. ಒಂದು ಹಿಂದೆ ಸ್ವಲ್ಪವಾದರೂ ಖುಷಿ ಕೊಟ್ಟದ್ದು. ಇನ್ನೊಂದು ಮುಗಿಸಿದರೆ "ಸದ್ಯ, ಆಯಿತು" ಎಂಬ ನಿರಾಳ ಕೊಡುವಂಥದ್ದು. ಎರಡೂ ಬೇಕು. ಬರೀ ಖುಷಿಯದನ್ನೇ ಇಟ್ಟರೆ ಬಾಕಿ ಕೆಲಸಗಳು ತಲೆಯ ಮೇಲೆ ಕೂತೇ ಇರುತ್ತವೆ. ಬರೀ ಕರ್ತವ್ಯ ಇಟ್ಟರೆ ದಿನವೆಂಬುದು ಶಿಕ್ಷೆಯಾಗುತ್ತದೆ.

ಅಳತೆಯಲ್ಲಿ ಕಟ್ಟುನಿಟ್ಟಾಗಿರಿ. ನಿಮ್ಮಿಂದ ಆಗಬಹುದು ಅನಿಸಿದ್ದರ ಅರ್ಧ ಇಡಿ. ಅತಿ ಕೆಟ್ಟ ದಿನದಲ್ಲೂ ಆಗುವಷ್ಟು ಚಿಕ್ಕದಾಗಿರಲಿ. "ನಾಳೆ ಮನೆ ಚೊಕ್ಕಟ ಮಾಡ್ತೀನಿ" ಅನ್ನುವುದು ಯೋಜನೆಯಲ್ಲ, ನಾಳೆ ಸಂಜೆ ನಿಮ್ಮನ್ನು ನೀವೇ ಬೈದುಕೊಳ್ಳಲು ಇಂದೇ ಮಾಡಿಟ್ಟ ಸಿದ್ಧತೆ. "ನಾಳೆ ಹತ್ತೂವರೆಗೆ, ಮೇಜಿನ ಎಡಭಾಗದಲ್ಲಿರುವ ಕಾಗದಗಳನ್ನು ಹತ್ತು ನಿಮಿಷ ವಿಂಗಡಿಸ್ತೀನಿ" ಅನ್ನುವುದು ಯೋಜನೆ. ಯಾವಾಗ, ಎಲ್ಲಿ, ಎಷ್ಟು ಹೊತ್ತು, ಮೂರೂ ಅದರಲ್ಲಿವೆ. ಟೈಮರ್ ಇಡಿ. ಮೊದಲ ವಾರ ಟೈಮರ್ ಹೊಡೆದ ಕೂಡಲೇ ನಿಲ್ಲಿಸಿ, ಮಾಡಬೇಕು ಅನಿಸಿದರೂ ನಿಲ್ಲಿಸಿ. ಒಂದು ಒಳ್ಳೆಯ ದಿನ ಸಿಕ್ಕಿತೆಂದು ಮೂರು ಗಂಟೆ ದುಡಿದು, ಮುಂದಿನ ಎರಡು ದಿನ ಮಲಗಿಬಿಡುವುದು ತುಂಬಾ ಸಾಮಾನ್ಯ. ಆಮೇಲೆ ಆ ಕೆಲಸ ಅಂದರೇನೇ ಭಯವಾಗುತ್ತದೆ.

ಶುರು ಮಾಡುವ ಮುಂಚೆ ಒಂದು ಅಂಕ ಬರೆಯಿರಿ: ಇದರಿಂದ ನನಗೆ ಎಷ್ಟು ಹಿತ ಆಗಬಹುದು? ಮುಗಿದ ಮೇಲೆ ಇನ್ನೊಂದು: ನಿಜಕ್ಕೂ ಎಷ್ಟಾಯಿತು? ಮುಂಚೆ ಬರೆದದ್ದು 1, ಆಮೇಲೆ ಬರೆದದ್ದು 3, ಹೀಗೆ ವ್ಯತ್ಯಾಸ ಬರುತ್ತಾ ಹೋಗುವುದನ್ನು ನೋಡುತ್ತೀರಿ. ಕುಗ್ಗಿದ ಮನಸ್ಸಿನ ಮುಂದಾಲೋಚನೆ ಯಾವಾಗಲೂ ಕಡಿಮೆ ಹೇಳುತ್ತದೆ. "ಅದರಿಂದೇನೂ ಪ್ರಯೋಜನವಿಲ್ಲ" ಎಂದು ಒಳಗಿನಿಂದ ಬರುವ ಮಾತು ಎಷ್ಟು ಬಾರಿ ತಪ್ಪಾಯಿತು ಎಂಬ ಲೆಕ್ಕ ಹತ್ತು ದಿನದಲ್ಲಿ ನಿಮ್ಮ ಕೈಯಲ್ಲಿರುತ್ತದೆ. ಬೇರೆಯವರ ಸಾವಿರ ಸಮಾಧಾನದ ಮಾತಿಗಿಂತ ನಾನು ಈ ಲೆಕ್ಕವನ್ನು ಹೆಚ್ಚು ನಂಬುತ್ತೇನೆ.

ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಬೇಡಿ. ಅದೇ ಕೆಲಸ ಮೂರು ಬಾರಿ ತಪ್ಪಿದರೆ ಸೋಮಾರಿತನ ಎಂದು ಷರಾ ಬರೆಯಬೇಡಿ. ಕೆಲಸ ದೊಡ್ಡದಾಯಿತು ಅಥವಾ ಹೊತ್ತು ಸರಿಯಿಲ್ಲ ಎಂದು ಅರ್ಥ. ಅರ್ಧಕ್ಕೆ ಇಳಿಸಿ, ಇಲ್ಲವೇ ನಿಮ್ಮ ಹಾಳೆಯಲ್ಲಿ ಅಂಕ ಸ್ವಲ್ಪ ಮೇಲಿರುವ ಗಂಟೆಗೆ ಸರಿಸಿ. ಬಹಳ ಜನರಿಗೆ ಬೆಳಗಿನ ಹೊತ್ತು ಅತ್ಯಂತ ಭಾರ, ಸಂಜೆ ಕೊಂಚ ಹಗುರ. ಹಾಗಿದ್ದರೆ ಕಷ್ಟದ ಕೆಲಸವನ್ನು ಸಂಜೆಗೆ ಇಡಿ, ಬೆಳಿಗ್ಗೆಗೆ ಬೆಳಕಿಗೆ ಹೋಗುವುದೊಂದು ಸಾಕು.

ಬೆಳಕು

ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ 100ರಿಂದ 500 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ). ಮೋಡ ಕವಿದ ದಿನ ಹೊರಗೆ ಸಾವಿರದಿಂದ ಹತ್ತು ಸಾವಿರ ಲಕ್ಸ್. ಬಿರುಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ಎಷ್ಟು ಅಗಾಧ ಎಂಬುದು ಗೊತ್ತೇ ಆಗುವುದಿಲ್ಲ. ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೋಶಗಳಲ್ಲದೆ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಇರುವ ಬೇರೆ ಕೋಶಗಳಿವೆ. ಹಗಲಾಯಿತೋ ರಾತ್ರಿಯಾಯಿತೋ ಎಂದು ಮೆದುಳಿನ ಒಳಗಡಿಯಾರಕ್ಕೆ ತಿಳಿಸುವುದು ಅವುಗಳ ಮುಖ್ಯ ಕೆಲಸ. ಅವು ಗಟ್ಟಿಯಾಗಿ ಸ್ಪಂದಿಸಲು ಜೋರು ಬೆಳಕು ಬೇಕು. ಹಗಲಿಡೀ ಒಳಗೇ ಕೂತವರ ಗಡಿಯಾರಕ್ಕೆ ಹಗಲು ಸರಿಯಾಗಿ ತಲುಪಿರುವುದೇ ಇಲ್ಲ. ರಾತ್ರಿ ನಿದ್ದೆ ತಡವಾಗುತ್ತದೆ, ಬೆಳಿಗ್ಗೆ ತಲೆ ಭಾರ.

ಎದ್ದ ಒಂದು ಗಂಟೆಯೊಳಗೆ ಹೊರಗೆ ಹೋಗಿ, 20ರಿಂದ 30 ನಿಮಿಷ ಇರಿ. ಮೋಡವಿದ್ದರೆ ಇನ್ನಷ್ಟು ಹೊತ್ತು. ಕಪ್ಪು ಕನ್ನಡಕ ಬೇಡ, ಸೂರ್ಯನನ್ನು ನೇರವಾಗಿ ನೋಡುವುದಂತೂ ಬೇಡವೇ ಬೇಡ. ಕಿಟಕಿಯ ಪಕ್ಕ ಕೂತರೆ ಆಗದೇ ಎಂದು ಕೇಳುತ್ತಾರೆ. ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಕಿಟಕಿಯಿಂದ ಎರಡು ಮೂರು ಹೆಜ್ಜೆ ಒಳಗೆ ಬಂದರೆ ಬೆಳಕು ಸರ್ರನೆ ಇಳಿಯುತ್ತದೆ. ಮನೆ ಬಿಟ್ಟು ಹೊರಡಲು ಆಗದವರು ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತರೂ ಸರಿ.

ಚಳಿಗಾಲದಲ್ಲಿ ಹಗಲು ತೀರಾ ಕಿರಿದಾಗುವ ದೇಶಗಳಲ್ಲಿ ಇದೇ ಕೆಲಸಕ್ಕೆ ಬೆಳಕಿನ ಪೆಟ್ಟಿಗೆ ಬಳಸುತ್ತಾರೆ. ಋತುವಿಗೆ ತಕ್ಕಂತೆ ಬಂದುಹೋಗುವ ಖಿನ್ನತೆಯನ್ನು 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿದ ಮೇಲೆ ಇದು ಬಳಕೆಗೆ ಬಂತು. ಋತುವಿಗೆ ಸಂಬಂಧವಿಲ್ಲದ ಖಿನ್ನತೆಗೂ ಉಪಯೋಗ ಇದೆ ಎಂದು 2016ರಲ್ಲಿ ಪ್ರಕಟವಾದ, 122 ಜನರ ಮೇಲಿನ ಅಧ್ಯಯನ ತೋರಿಸಿತು. ಪ್ರಮಾಣ: 10,000 ಲಕ್ಸ್, ಬೆಳಿಗ್ಗೆ ಎದ್ದ ಕೂಡಲೇ 30 ನಿಮಿಷ. ಈ 10,000 ಲಕ್ಸ್ ಎಂಬುದು ತಯಾರಕರು ಹೇಳಿದ ದೂರದಲ್ಲಿ ಕೂತರೆ ಮಾತ್ರ ಸಿಗುವುದು. ಪೆಟ್ಟಿಗೆಯನ್ನು ಎರಡರಷ್ಟು ದೂರ ಇಟ್ಟು "ನನಗೇನೂ ಆಗಲಿಲ್ಲ" ಎನ್ನುವವರು ಬಹಳ. ಅತಿನೇರಳೆ ಕಿರಣ ಸೋಸುವ ಪೆಟ್ಟಿಗೆಯೇ ಆಗಿರಬೇಕು. ಸಂಜೆ ಬಳಸಿದರೆ ನಿದ್ದೆ ಹಾರಿಹೋಗುತ್ತದೆ. ಕಣ್ಣಿನ ಹಿಂಪರದೆಯ ಕಾಯಿಲೆ ಇರುವವರು, ಬೆಳಕಿಗೆ ಚರ್ಮವನ್ನೋ ಕಣ್ಣನ್ನೋ ಸೂಕ್ಷ್ಮ ಮಾಡುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಎಂದಾದರೂ ವಿಪರೀತ ಹುರುಪು, ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಕೈತಪ್ಪಿದ ಖರ್ಚು, ಇಂಥ ದಿನಗಳು ಬಂದುಹೋದವರು ಇನ್ನೂ ಎಚ್ಚರವಾಗಿರಬೇಕು. ಅಂಥವರಲ್ಲಿ ಜೋರು ಬೆಳಕು ಮನಸ್ಸನ್ನು ಆ ತುದಿಗೆ ದಾಟಿಸಿಬಿಡಬಹುದು.

ನಡಿಗೆ

ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯಿದ್ದ, ಐವತ್ತು ದಾಟಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ, ಇನ್ನೊಂದಕ್ಕೆ ಎರಡೂ. ಹದಿನಾರು ವಾರ ಕಳೆದಾಗ ಮೂರು ಗುಂಪೂ ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ಬಂದಿದ್ದವು. ಮಾತ್ರೆ ಬೇಗ ಕೆಲಸ ಶುರು ಮಾಡಿತು, ವ್ಯಾಯಾಮ ನಿಧಾನಕ್ಕೆ ಬಂದು ಸೇರಿತು. ಈ ನಿಧಾನ ಗೊತ್ತಿಲ್ಲದೆ ಎರಡನೇ ವಾರಕ್ಕೇ ಕೈಬಿಡುವವರು ಹೆಚ್ಚು. ಆ ಗುಂಪಿನವರು ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ಅರ್ಧ ಗಂಟೆ, ಬೆವರು ಬರುವಷ್ಟು ವೇಗದಲ್ಲಿ ಮಾಡಿದ್ದರು. ಅದೂ ಒಟ್ಟಿಗೆ, ನೋಡಿಕೊಳ್ಳುವವರೊಬ್ಬರು ಇದ್ದಾಗ. ಮನೆಯಲ್ಲಿ ಒಬ್ಬರೇ ಮಾಡುವಾಗ ಕಷ್ಟ ಹೆಚ್ಚು ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಒಳ್ಳೆಯದು.

ವೇಗ ಗೊತ್ತಾಗಲು ಯಂತ್ರ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆದರೆ ನಿಧಾನವಾಯಿತು. ಮಾತು ತುಂಡಾಗುತ್ತಿದ್ದರೆ ಜೋರಾಯಿತು. ಹೊಸಬರಿಗೆ ಈ ಮೇಲ್ಮಿತಿ ಮುಖ್ಯ. ಏದುಸಿರಿನ ಮಟ್ಟ ದಾಟಿದ ಕೂಡಲೇ ವ್ಯಾಯಾಮ ಹಿತವೆನಿಸುವುದು ನಿಂತು ಹಿಂಸೆಯಾಗುತ್ತದೆ, ದೇಹ ಅದನ್ನು ನೆನಪಿಟ್ಟುಕೊಂಡು ನಾಳೆ ಏಳಲು ಬಿಡುವುದಿಲ್ಲ. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸಿ. ಐದನೇ ವಾರಕ್ಕೆ ಅರ್ಧ ಗಂಟೆಯಾಗುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಅಲ್ಲಿಂದ ದೂರವಿಲ್ಲ. ಹೃದಯದ ತೊಂದರೆ, ಎದೆನೋವು, ಮಂಡಿಯ ತೊಂದರೆ ಇದ್ದವರು ವೇಗವನ್ನು ವೈದ್ಯರ ಜೊತೆ ಗೊತ್ತುಮಾಡಿಕೊಳ್ಳಿ. ಭಾರ ಎತ್ತುವ ವ್ಯಾಯಾಮವೂ ಮನಸ್ಸಿಗೆ ಒಳ್ಳೆಯದೇ. ನಡಿಗೆ ಬೇಸರ ಬಂದವರು ಅದನ್ನು ಹಿಡಿಯಬಹುದು.

ಬಾಗಿಲು ದಾಟುವುದೇ ಕಷ್ಟದ ಭಾಗ. ರಾತ್ರಿಯೇ ಬಟ್ಟೆ, ಚಪ್ಪಲಿಯೋ ಬೂಟೋ ಬಾಗಿಲ ಬಳಿ ಇಡಿ. ಬೆಳಿಗ್ಗೆಯ ಗುರಿ "ನಡೆಯುವುದು" ಎಂದಿರಬಾರದು, "ಬೂಟು ಹಾಕಿ ಬಾಗಿಲ ಹೊರಗೆ ನಿಲ್ಲುವುದು" ಎಂದಿರಲಿ. ಅಲ್ಲಿಂದ ವಾಪಸ್ ಬಂದರೂ ಹಾಳೆಯಲ್ಲಿ ಸರಿ ಗುರುತು ಹಾಕಿ. ಮರಗಿಡ ಇರುವ ದಾರಿ ಸಿಕ್ಕರೆ ಅದನ್ನೇ ಆರಿಸಿ. ಸ್ಟ್ಯಾನ್‌ಫರ್ಡ್‌ನಲ್ಲಿ 2015ರಲ್ಲಿ ನಡೆದ ಸಣ್ಣ ಅಧ್ಯಯನವೊಂದರಲ್ಲಿ ತೊಂಬತ್ತು ನಿಮಿಷ ಹಸಿರಿನ ನಡುವೆ ನಡೆದವರಲ್ಲಿ ಕೊರಗು ತುಸು ಇಳಿದಿತ್ತು, ವಾಹನ ದಟ್ಟಣೆಯ ರಸ್ತೆಯಲ್ಲಿ ನಡೆದವರಲ್ಲಿ ಇಳಿದಿರಲಿಲ್ಲ. ಬೆಳಗಿನ ಬೆಳಕು, ನಡಿಗೆ ಎರಡನ್ನೂ ಒಂದೇ ಅರ್ಧ ಗಂಟೆಗೆ ಸೇರಿಸಿದರೆ ಯೋಜನೆಯ ಭಾರ ಕಡಿಮೆ.

ನಿದ್ದೆ: ಏಳುವ ಗಂಟೆಯಿಂದ ಹಿಂದಕ್ಕೆ

ನಿದ್ದೆ ಸರಿಮಾಡಲು ಹೊರಟವರು ಬೇಗ ಮಲಗಲು ನೋಡುತ್ತಾರೆ. ಅಲ್ಲೇ ತಪ್ಪು. ಬಾರದ ನಿದ್ದೆಗಾಗಿ ಒಂಬತ್ತಕ್ಕೇ ಹಾಸಿಗೆ ಸೇರಿದರೆ ಮೂರು ಗಂಟೆ ಹೊರಳಾಡುವುದೇ ಆಗುತ್ತದೆ, ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಎಂದು ಮೆದುಳು ಕಲಿತುಬಿಡುತ್ತದೆ. ಮಲಗುವ ಹೊತ್ತನ್ನು ಬಿಡಿ, ಏಳುವ ಹೊತ್ತನ್ನು ಕಟ್ಟಿಹಾಕಿ. ರಜಾದಿನವೂ ಅದೇ ಹೊತ್ತು, ಹೆಚ್ಚೆಂದರೆ ಅರ್ಧ ಗಂಟೆ ಆಚೀಚೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಕಟ್ಟುತ್ತಾ ಹೋಗುತ್ತದೆ. ಏಳುವ ಗಂಟೆ ನಿಂತರೆ ಮಲಗುವ ಗಂಟೆ ಒಂದೆರಡು ವಾರದಲ್ಲಿ ತಾನಾಗಿ ಬಂದು ಕೂರುತ್ತದೆ.

ಮನೋವಿಜ್ಞಾನಿ ರಿಚರ್ಡ್ ಬೂಟ್ಸಿನ್ 1972ರಲ್ಲಿ ಹೇಳಿದ ನಿಯಮಗಳು ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯ ಬೆನ್ನೆಲುಬು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಿ. ಗಡಿಯಾರ ನೋಡಿ ಇಪ್ಪತ್ತು ನಿಮಿಷ ಎಣಿಸಬೇಡಿ, ಅಂದಾಜು ಸಾಕು. ಎಣಿಸಿದರೆ ಅದೇ ಒಂದು ಆತಂಕ. ತೂಕಡಿಕೆ ಬಂದಾಗ ಮರಳಿ. ಹಗಲು ಮಲಗಲೇಬೇಕಾದರೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಮೂರರೊಳಗೆ.

ಕಾಫಿ, ಚಹಾದಲ್ಲಿರುವ ಕೆಫೀನಿನ ಅರ್ಧಾಯುಷ್ಯ ಸರಾಸರಿ ಐದು ಗಂಟೆ. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನದ ಮೇಲೆ ಬೇಡ. ಮದ್ಯ ನಿದ್ದೆ ಬೇಗ ತರಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಒಡೆದುಹಾಕುತ್ತದೆ, ಮರುದಿನದ ಮನಸ್ಸನ್ನೂ ಇಳಿಸುತ್ತದೆ. ಮನಸ್ಸು ಸರಿಯಿಲ್ಲದಿರುವ ತಿಂಗಳುಗಳಲ್ಲಿ ಅದನ್ನು ಪೂರ್ತಿ ದೂರವಿಡಿ. ದಿನವೂ ಹೆಚ್ಚು ಕುಡಿಯುವ ಅಭ್ಯಾಸ ಇದ್ದವರು ಮಾತ್ರ ಥಟ್ಟನೆ ನಿಲ್ಲಿಸಬಾರದು. ಅದು ಅಪಾಯಕಾರಿ, ವೈದ್ಯರ ನೆರವಿನಲ್ಲೇ ಬಿಡಬೇಕು.

ಕೆಲವರಿಗೆ ಬೆಳಗಿನ ಜಾವ ಮೂರು ನಾಲ್ಕಕ್ಕೆ ಎಚ್ಚರವಾಗಿ, ಬದುಕೆಲ್ಲ ಹಾಳಾಯಿತು ಎಂಬಂತೆ ಕಾಣುತ್ತದೆ. ಖಿನ್ನತೆಯ ಗುರುತಿನ ಲಕ್ಷಣಗಳಲ್ಲಿ ಇದೂ ಒಂದು. ಆ ಹೊತ್ತಿನಲ್ಲಿ ಕೆಲಸ ಬಿಡುವ, ಸಂಬಂಧ ಮುರಿಯುವ ಯಾವ ನಿರ್ಧಾರವನ್ನೂ ಮಾಡಬೇಡಿ. ಒಂದು ಸಾಲಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ತೆಗೆದು ಓದಿ.

ಮೆಲುಕು ಹಾಕುವುದು

ಯೋಚನೆ ಮಾಡುವುದಕ್ಕೂ ಕೊರಗುವುದಕ್ಕೂ ನಡುವೆ ತೆಳು ಗೆರೆ. ಒಂದು ಪರೀಕ್ಷೆ ಹೇಳುತ್ತೇನೆ: ಎರಡು ನಿಮಿಷ ಬೇಕೆಂದೇ ಅದನ್ನೇ ಯೋಚಿಸಿ. ಆಮೇಲೆ ಕೇಳಿಕೊಳ್ಳಿ, ಏನಾದರೂ ಪರಿಹಾರ ಹೊಳೆಯಿತೇ? ಮೊದಲು ಗೊತ್ತಿರದ ಏನಾದರೂ ಗೊತ್ತಾಯಿತೇ? ಮನಸ್ಸು ತುಸುವಾದರೂ ಹಗುರವಾಯಿತೇ? ಮೂರಕ್ಕೂ ಇಲ್ಲ ಎಂದಾದರೆ ಅದು ಕೊರಗು. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ಬೇಸರ ಬಂದಾಗ ಅದನ್ನೇ ತಿರುವಿ ತಿರುವಿ ನೋಡುವವರಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ ಎಂದು ತೋರಿಸಿದರು.

ಕೊರಗನ್ನು ನಿಲ್ಲಿಸು ಎಂದರೆ ನಿಲ್ಲುವುದಿಲ್ಲ. ಪ್ರಶ್ನೆಯನ್ನು ಬದಲಿಸಬಹುದು. "ನನಗೇ ಯಾಕೆ ಹೀಗೆ?" ಎಂಬುದಕ್ಕೆ ಕೊನೆಯಿಲ್ಲ. "ಇದರಲ್ಲಿ ಇವತ್ತು ಮಾಡಬಹುದಾದ ಮೊದಲ ಹೆಜ್ಜೆ ಯಾವುದು, ಎಷ್ಟು ಗಂಟೆಗೆ?" ಎಂಬುದಕ್ಕೆ ಉತ್ತರವಿದೆ. ಉತ್ತರವಿಲ್ಲದ ಸಂಗತಿಯಾದರೆ ಕೈಗೆ ಕೆಲಸ ಕೊಡಿ, ಕೈ ಮತ್ತು ಕಣ್ಣು ಎರಡೂ ಬೇಕಾಗುವ ಕೆಲಸ. ಟಿವಿ ಮುಂದೆ ಕೂತೂ ಕೊರಗಬಹುದು; ಹೊಲಿಯುತ್ತಾ, ತರಕಾರಿ ಸಣ್ಣಗೆ ಹೆಚ್ಚುತ್ತಾ ಕೊರಗುವುದು ಕಷ್ಟ. ಇನ್ನೊಂದು ಉಪಾಯ, ಚಿಂತೆಗೆ ಹೊತ್ತು ಗೊತ್ತುಮಾಡುವುದು. ದಿನವೂ ಒಂದೇ ಜಾಗದಲ್ಲಿ, ಸಂಜೆ ಇಪ್ಪತ್ತು ನಿಮಿಷ. ಬೇರೆ ಹೊತ್ತಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆದು ಆ ಹೊತ್ತಿಗೆ ತಳ್ಳಿ. ಹಾಸಿಗೆಯಲ್ಲಿ ಬೇಡ, ಮಲಗುವ ಮುಂಚೆಯೂ ಬೇಡ.

ಮನಸ್ಸಿನಲ್ಲಿರುವುದನ್ನು ಬರೆದು ಹೊರಹಾಕುವ ವಿಧಾನ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪರೀಕ್ಷಿಸಿದ್ದು: ಹದಿನೈದು ನಿಮಿಷ, ಸತತ ನಾಲ್ಕು ದಿನ, ವ್ಯಾಕರಣ ನೋಡದೆ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ, ಸಾಮಾನ್ಯವಾಗಿ ಗಂಟೆ ಎರಡು ಗಂಟೆಯಲ್ಲಿ ಇಳಿಯುತ್ತದೆ. ನಾಲ್ಕು ದಿನಕ್ಕೆ ನಿಲ್ಲಿಸಿ. ತಿಂಗಳುಗಟ್ಟಲೆ ದಿನಾ ಅದನ್ನೇ ಬರೆದರೆ ಅದೂ ಕೊರಗಿನ ಇನ್ನೊಂದು ರೂಪ. ತೀರಾ ಇತ್ತೀಚಿನ ಆಘಾತದ ಬಗ್ಗೆ ಬರೆಯಲು ಹೋಗಬೇಡಿ.

ನಿಧಾನ ಉಸಿರಾಟಕ್ಕೆ ಇರುವ ಹೆಸರು ದೊಡ್ಡದು. ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ, ಐದು ನಿಮಿಷ. ಎದೆ ಡವಗುಟ್ಟುವ ಆತಂಕಕ್ಕೆ ಇದು ಚೆನ್ನ. ಚೈತನ್ಯವೇ ಇಲ್ಲದ ಮಂಕಿಗೆ ಇದೊಂದನ್ನೇ ನಂಬಿ ಕೂರಬೇಡಿ. ಆಳವಾಗಿ ಎಳೆಯುವ ಹುಮ್ಮಸ್ಸಿನಲ್ಲಿ ತಲೆ ಸುತ್ತಿದರೆ ಉಸಿರು ಹೆಚ್ಚಾಯಿತು ಎಂದರ್ಥ. ಮೆಲ್ಲಗೆ, ಸಣ್ಣಗೆ ಸಾಕು.

"ಸಹಜ" ಎಂಬ ಚೀಟಿ ಅಂಟಿಸಿದ್ದೆಲ್ಲ ಸುರಕ್ಷಿತವಲ್ಲ

ಬಾಳೆಹಣ್ಣಿನಲ್ಲಿ ಸೆರೊಟೊನಿನ್ ಎಂಬ, ಮನಸ್ಸಿನ ಸ್ಥಿತಿಯ ಜೊತೆ ನಂಟಿರುವ ರಾಸಾಯನಿಕ ಇದೆ, ತಿಂದರೆ ಖುಷಿ ಎಂದು ಎಲ್ಲೆಲ್ಲೂ ಓದುತ್ತೇವೆ. ಇರುವುದು ನಿಜ. ಆದರೆ ತಿಂದ ಸೆರೊಟೊನಿನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಒಂದು ಪದಾರ್ಥ ಮನಸ್ಸನ್ನು ಎತ್ತುವುದಿಲ್ಲ, ಇಡೀ ಊಟದ ಕ್ರಮ ಎತ್ತಬಹುದು. ಆಸ್ಟ್ರೇಲಿಯದ ಫೆಲೀಸ್ ಜಾಕಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಕಾರಿ, ಹಣ್ಣು, ಬೇಳೆಕಾಳು, ಇಡೀ ಧಾನ್ಯ, ಮೀನು ಹೆಚ್ಚಿಸಿ, ಸಿಹಿ ಮತ್ತು ಕರಿದದ್ದನ್ನು ತಗ್ಗಿಸಿದವರಲ್ಲಿ ಹನ್ನೆರಡು ವಾರಕ್ಕೆ ಸುಮಾರು ಮೂರನೇ ಒಂದು ಭಾಗ ಖಿನ್ನತೆಯಿಂದ ಹೊರಬಂದರು. ಬರೀ 67 ಜನರ ಅಧ್ಯಯನ, ಹಾಗಾಗಿ ಭರವಸೆ ಇಡಿ, ಪೂರ್ತಿ ಭಾರ ಹೊರಿಸಬೇಡಿ. ಹಸಿವೇ ಸತ್ತುಹೋದ ದಿನಗಳಲ್ಲಿ ಏನು ತಿನ್ನಬೇಕು ಎಂಬ ಚರ್ಚೆಯೇ ವ್ಯರ್ಥ. ನಾಲ್ಕು ಗಂಟೆಗೊಮ್ಮೆ ಏನಾದರೂ ಸ್ವಲ್ಪ ತಿನ್ನಿ, ನೀರು ಕುಡಿಯಿರಿ.

ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಸೌಮ್ಯ ಖಿನ್ನತೆಗೆ ಕೆಲಸ ಮಾಡುವ ಗುಣ ಅದಕ್ಕಿದೆ. ಅದಕ್ಕೇ ಅಪಾಯ. ಖಿನ್ನತೆಯ ಮಾತ್ರೆಗಳ ಜೊತೆ ತೆಗೆದುಕೊಂಡರೆ ಮೈಯಲ್ಲಿ ಸೆರೊಟೊನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಯಕೃತ್ತಿನಲ್ಲಿ ಔಷಧಿ ಒಡೆಯುವ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆ, ರಕ್ತ ತೆಳುಮಾಡುವ ವಾರ್ಫರಿನ್, ಅಂಗಾಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್, ಎಚ್‌ಐವಿ ಔಷಧಿಗಳು ಸದ್ದಿಲ್ಲದೆ ಶಕ್ತಿ ಕಳೆದುಕೊಳ್ಳುತ್ತವೆ. ಯಾವ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳದೆ ಇದನ್ನು ಮುಟ್ಟಬೇಡಿ.

ಹಾಗೆಯೇ, ಸಹಜ ದಾರಿ ಹಿಡಿದೆವೆಂದು ಈಗಾಗಲೇ ನಡೆಯುತ್ತಿರುವ ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು. ತಲೆಸುತ್ತು, ಮಿಂಚು ಹೊಡೆದಂಥ ಅನುಭವ, ನಿದ್ದೆಗೇಡು ಬರುತ್ತವೆ, ಮಂಕು ಮರಳಲೂಬಹುದು. ಮೇಲೆ ಹೇಳಿದ್ದೆಲ್ಲ ಮಾತ್ರೆಯ ಜೊತೆಗೂ ಚೆನ್ನಾಗಿ ನಡೆಯುತ್ತದೆ.

ಎಷ್ಟು ದಿನ, ಯಾರ ಜೊತೆ

ಮೊದಲ ವಾರದಲ್ಲಿ ಬದಲಾಗುವುದು ಹಾಳೆ ಮಾತ್ರ, ಮನಸ್ಸಲ್ಲ. ಎರಡನೇ ಮೂರನೇ ವಾರಕ್ಕೆ ನಿದ್ದೆ, ಬೆಳಗಿನ ಭಾರ ತುಸು ಸಡಿಲವಾಗುತ್ತವೆ. ಆಸಕ್ತಿ ಕೊನೆಗೆ ಬರುತ್ತದೆ, ಬಹಳ ಸಲ ಸುತ್ತಲಿನವರಿಗೆ ಮೊದಲು ಕಾಣಿಸುತ್ತದೆ. ನಿನ್ನೆಗೂ ಇಂದಿಗೂ ಹೋಲಿಸಬೇಡಿ, ವಾರದ ಸರಾಸರಿಯನ್ನು ಹೋಲಿಸಿ. ಎರಡು ವಾರಕ್ಕೊಮ್ಮೆ ಅದೇ ಒಂಬತ್ತು ಪ್ರಶ್ನೆಗಳನ್ನು ತುಂಬಿ. ನಾಲ್ಕರಿಂದ ಆರು ವಾರ ಪ್ರಾಮಾಣಿಕವಾಗಿ ಮಾಡಿಯೂ ಅಂಕ ಇಳಿಯದಿದ್ದರೆ, ಅಥವಾ ಅದಕ್ಕೂ ಮುಂಚೆ ಏರುತ್ತಿದ್ದರೆ, ಹಾಳೆಗಳನ್ನೇ ಹಿಡಿದು ವೈದ್ಯರ ಬಳಿ ಹೋಗಿ. "ಯಾಕೋ ಸರಿಯಿಲ್ಲ" ಎನ್ನುವುದಕ್ಕಿಂತ ಆರು ವಾರದ ಹಾಳೆ ಅವರಿಗೆ ಎಷ್ಟೋ ಹೆಚ್ಚು ಹೇಳುತ್ತದೆ.

ಜೊತೆಯಲ್ಲಿರುವವರಿಗೂ ಒಂದು ಮಾತು. "ಎದ್ದು ಓಡಾಡು, ಎಲ್ಲ ಸರಿಹೋಗುತ್ತೆ" ಎಂದು ಹೇಳುವುದು ಸುಲಭ, ಮಂಕು ಕವಿದವರಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ಅವರಿಗೆ ಇಲ್ಲದಿರುವುದೇ ಆ ಏಳುವ ತುಡಿತ. ಅದನ್ನು ಕೆಲವು ದಿನ ನೀವು ಸಾಲ ಕೊಡಬೇಕು. "ಏನಾದರೂ ಬೇಕಿದ್ದರೆ ಹೇಳು" ಎಂದರೂ ಅವರು ಹೇಳುವುದಿಲ್ಲ, ಏನು ಬೇಕೆಂದು ಯೋಚಿಸುವುದೇ ಅವರಿಗೆ ದೊಡ್ಡ ಕೆಲಸ. ಗಂಟೆ ಹೇಳಿ ಬನ್ನಿ: "ನಾಳೆ ಏಳೂವರೆಗೆ ಬರ್ತೀನಿ, ಹತ್ತು ನಿಮಿಷ ನಡೆದು ಬರೋಣ." ದಾರಿಯಲ್ಲಿ ಬುದ್ಧಿಮಾತು ಬೇಡ, ಮಾತೇ ಇಲ್ಲದಿದ್ದರೂ ನಡೆಯುತ್ತದೆ. ಎದುರುಬದುರು ಕೂತು ಕೇಳಿದಾಗ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ಬರುವುದುಂಟು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರು ಬರುವುದಿಲ್ಲ ಎಂದರೆ ಒತ್ತಾಯಿಸದೆ ಬಾಗಿಲ ಹೊರಗೆ ಐದು ನಿಮಿಷ ಜೊತೆಗೆ ಕೂತು ಎದ್ದು ಬನ್ನಿ. ಮರುದಿನ ಏಳೂವರೆಗೆ ಮತ್ತೆ ಹೋಗಿ.